‘ಶೂನ್ಯ ಕಮಿಷನ್’ ಎಂಬುದರ ಅರ್ಥವನ್ನು ಮೊದಲು ಬರೆದಿಟ್ಟುಕೊಳ್ಳಬೇಕು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಆಟೊ ಆ್ಯಪ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ ತಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಪಟ್ಟಿಯನ್ನು ಎರಡೆರಡು ಸಲ ಓದಿದೆ. ಅದರಲ್ಲಿ ‘ಕಮಿಷನ್’ ಎಂಬ ತಲೆಬರಹದ ಕೆಳಗೆ ಎಲ್ಲ ಆ್ಯಪ್‌ಗಳ ಎದುರಿಗೂ ‘ಶೂನ್ಯ’ ಎಂದೇ ಬರೆದಿತ್ತು. ಬರೆದದ್ದು ಸುಳ್ಳಲ್ಲ. ಆದರೆ ಸಾಲಾಗಿ ನಿಂತ ಆ ಸೊನ್ನೆಗಳನ್ನು ನೋಡಿದ ಓದುಗರಿಗೆ ಇವೆಲ್ಲವೂ ಒಂದೇ ಬಗೆಯ ವ್ಯವಹಾರ ಎಂಬ ಭಾವನೆ ಮೂಡುತ್ತದೆ, ಅದು ತಪ್ಪು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪದವಿ ತರಗತಿಗಳಿಗೆ ಲೆಕ್ಕಶಾಸ್ತ್ರ ಕಲಿಸಿದವನಾಗಿ, ವ್ಯವಹಾರ ಮಾದರಿಗಳನ್ನು, ಎಂದರೆ ಯಾರು ಯಾರಿಗೆ ಏನು ಕೊಟ್ಟು ಹೇಗೆ ಹಣ ಗಳಿಸುತ್ತಾರೆ ಎಂಬುದನ್ನು, ವಿವರಿಸಲು ಮತ್ತು ಹೋಲಿಸಲು ನಮ್ಮಲ್ಲಿ ಒಪ್ಪಿತವಾದ ಪದಗಳ ಚೌಕಟ್ಟೊಂದು ಇಲ್ಲದಿರುವುದೇ ಈ ತಪ್ಪಿನ ಮೂಲ ಎಂದು ನಾನು ನಂಬಿದ್ದೇನೆ. ಕಂಪ್ಯೂಟರ್ ವಿಜ್ಞಾನದಲ್ಲಿ ಅಂಥ ಚೌಕಟ್ಟನ್ನು ಆಂಟಾಲಜಿ ಎನ್ನುತ್ತಾರೆ. ಈ ಪತ್ರ ಅದರ ಕುರಿತದ್ದು.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬಸವನಗುಡಿಯ ನಮ್ಮ ಮನೆಯ ಹತ್ತಿರದ ಆಟೊ ಸ್ಟ್ಯಾಂಡಿನಲ್ಲಿ ಪರಿಚಯದ ಚಾಲಕರೊಬ್ಬರಿದ್ದಾರೆ. ದಿನದ ಲೆಕ್ಕವನ್ನು ಅವರು ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಎಡಗಡೆ ಬಾಡಿಗೆ, ಬಲಗಡೆ ಖರ್ಚು. ಖರ್ಚಿನ ಕಡೆ ಗ್ಯಾಸ್, ಊಟ, ಗಾಡಿ ಸಾಲದ ಕಂತು ಎಂದು ಇದ್ದ ಸಾಲುಗಳ ಕೆಳಗೆ ಈಗ ‘ಆ್ಯಪ್’ ಎಂಬ ಹೊಸ ಸಾಲು ಬಂದಿದೆ. ಇದು ಯಾವಾಗ ಸೇರಿತು ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: ‘ಮೊದ್ಲು ಬಾಡಿಗೇಲೇ ಮುರ್ಕೊಂಡು ಕೊಡೋರು ಸಾರ್, ಬರ್ಕೊಳ್ಳೋ ಹಾಗೇ ಇರ್ಲಿಲ್ಲ. ಈಗ ಗ್ಯಾಸ್ ಹಾಕ್ಸಿದ ಹಾಗೆ ನಾವೇ ಮುಂಚೆ ಹಾಕ್ಬೇಕು.’

ಒಂದು ಪಾಠಕ್ಕೆ ಸಾಲುವಷ್ಟು ವಿಷಯ ಆ ಎರಡು ವಾಕ್ಯಗಳಲ್ಲಿದೆ. ಕಮಿಷನ್ ಪದ್ಧತಿಯಲ್ಲಿ ಚಾಲಕ ದುಡಿದದ್ದರಲ್ಲಿ ಆ್ಯಪ್ ಒಂದು ಪಾಲು ತೆಗೆದುಕೊಳ್ಳುತ್ತದೆ. ಚಾಲಕನ ಗಳಿಕೆ ಏರಿದರೆ ಆ ಪಾಲೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಬಾಡಿಗೆ ಎಷ್ಟೇ ಸಿಗಲಿ, ದಿನಕ್ಕಿಷ್ಟು ಎಂದು ಚಾಲಕ ಮುಂಚೆಯೇ ಕಟ್ಟುವ ಚಂದಾ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಆ್ಯಪ್ ಚಾಲಕನಿಗೆ ಸರಕು ಒದಗಿಸುವ ಅಂಗಡಿಯಾಗುತ್ತದೆ, ಚಾಲಕ ಅದರ ಗಿರಾಕಿಯಾಗುತ್ತಾನೆ. ಲೆಕ್ಕಕ್ಕೆ ಹೇಳುವುದಾದರೆ, ನೂರು ರೂಪಾಯಿಯ ಹನ್ನೆರಡು ಬಾಡಿಗೆ ಸಿಕ್ಕ ದಿನ ಶೇ 20ರ ಕಮಿಷನ್ ಎಂದರೆ ₹240 ಹೋಗುತ್ತದೆ; ಚಂದಾ ದಿನಕ್ಕೆ ₹25 ಎಂದಾದರೆ ಹೋಗುವುದು ಅಷ್ಟೇ. ಮಳೆ ಹಿಡಿದು ಒಂದೇ ಬಾಡಿಗೆ ಸಿಕ್ಕ ದಿನ ಕಮಿಷನ್ ₹20, ಚಂದಾ ₹25. ಒಟ್ಟಿನಲ್ಲಿ ಎರಡನೆಯದು ಚಾಲಕನಿಗೆ ಹೆಚ್ಚು ಅನುಕೂಲವೆಂಬುದು ಸ್ಪಷ್ಟ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಷ್ಟದ ದಿನದ ಭಾರ ಯಾರ ಹೆಗಲಿನಿಂದ ಯಾರ ಹೆಗಲಿಗೆ ಹೋಯಿತು ಎಂಬ ಸಂಗತಿಯನ್ನು ‘ಶೂನ್ಯ’ ಎಂಬ ಮಾತು ಮರೆಸಿಬಿಡುತ್ತದೆ. ನಮ್ಮ ಪ್ರಾಚೀನ ತತ್ವಶಾಸ್ತ್ರ ಪರಂಪರೆಗಳಲ್ಲೊಂದಾದ ವೈಶೇಷಿಕ ದರ್ಶನದವರು ಲೋಕದಲ್ಲಿ ಇರುವುದನ್ನೆಲ್ಲ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರು ಪದಾರ್ಥಗಳಾಗಿ ವಿಂಗಡಿಸಿದರು. ಮುಂದಿನವರು ‘ಅಭಾವ’ವನ್ನು ಏಳನೆಯದಾಗಿ ಸೇರಿಸಿದರು. ಶೂನ್ಯ ಕಮಿಷನ್ ಎಂಬುದು ಅಭಾವದ ಹೇಳಿಕೆ. ಏನು ಇಲ್ಲ ಎಂಬುದನ್ನು ಅದು ಹೇಳುತ್ತದೆ, ಅದರ ಜಾಗದಲ್ಲಿ ಏನಿದೆ ಎಂಬುದನ್ನು ಹೇಳುವುದಿಲ್ಲ.

ವೈಶೇಷಿಕರ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಇರುವುದನ್ನು ಯಾವ ಯಾವ ಬಗೆಗಳಾಗಿ ಎಣಿಸಬೇಕು, ಅವುಗಳ ನಡುವಿನ ಸಂಬಂಧವೇನು ಎಂಬ ಆ ಹಳೆಯ ಪ್ರಶ್ನೆಯನ್ನೇ ಕಂಪ್ಯೂಟರ್ ವಿಜ್ಞಾನಿಗಳು ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಒಂದು ಕ್ಷೇತ್ರದ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಪರಿಕಲ್ಪನೆಗಳನ್ನು ಬಿಡಿಸಿ, ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿಡುವುದೇ ಆಂಟಾಲಜಿ ಎಂಬ ಅರ್ಥದ ವ್ಯಾಖ್ಯೆಯನ್ನು 1993ರಲ್ಲಿ ಟಾಮ್ ಗ್ರೂಬರ್ ಕೊಟ್ಟರು. ಅದಕ್ಕೂ ಮೊದಲೇ, 1982ರಲ್ಲಿ, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮೆಕಾರ್ಥಿ ಅವರು ಲೆಕ್ಕಪತ್ರಕ್ಕೆ ಇಂಥದೊಂದು ಚೌಕಟ್ಟನ್ನು ರೂಪಿಸಿದ್ದರು. ಸಂಪನ್ಮೂಲ, ಘಟನೆ, ಕರ್ತೃ ಎಂಬ ಮೂರೇ ಮೂಲ ಪದಗಳು. ಒಬ್ಬ ಕರ್ತೃವಿನ ಕೈಯಿಂದ ಸಂಪನ್ಮೂಲ ಹೊರಹೋಗುವ ಪ್ರತಿ ಘಟನೆಗೂ ಅವನ ಕೈಗೆ ಏನಾದರೂ ಬರುವ ಇನ್ನೊಂದು ಘಟನೆ ಜೋಡಿಯಾಗಿರಬೇಕು ಎಂಬ ಒಂದು ನಿಯಮ. ಜಮಾ–ಖರ್ಚು ಬರೆದು ಅಭ್ಯಾಸವಿರುವ ಯಾರಿಗೂ ಇದು ಹೊಸದೆನಿಸದು. ಹೊಸದಾದದ್ದೇನೆಂದರೆ, ಖಾತೆಯ ಹೆಸರುಗಳ ಹಿಂದೆ ಅಡಗಿದ್ದ ‘ಯಾರು, ಯಾರಿಗೆ, ಏನನ್ನು’ ಎಂಬುದು ಇಲ್ಲಿ ಮುಂದೆ ಬಂದು ನಿಂತಿತು.

ವ್ಯವಹಾರ ಮಾದರಿ ಎಂಬ ಮಾತಿಗೇ ಇಂಥ ಚೌಕಟ್ಟು ಕಟ್ಟಿದವರಲ್ಲಿ ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ಅವರ ಹೆಸರು ಹೆಚ್ಚು ಪರಿಚಿತ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದಲ್ಲಿ ಈವ್ ಪಿನ್ಯೂರ್ ಅವರ ಮಾರ್ಗದರ್ಶನದಲ್ಲಿ 2004ರಲ್ಲಿ ಅವರು ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧದ ವಿಷಯವೇ ವ್ಯವಹಾರ ಮಾದರಿಯ ಆಂಟಾಲಜಿ. ಏನನ್ನು ಕೊಡುತ್ತೇವೆ, ಯಾರಿಗೆ, ಯಾವ ದಾರಿಯಲ್ಲಿ, ಅವರೊಂದಿಗೆ ಎಂಥ ಸಂಬಂಧವಿಟ್ಟುಕೊಂಡು, ಯಾವ ಸಾಮರ್ಥ್ಯದಿಂದ, ಯಾವ ಕೆಲಸಗಳಿಂದ, ಯಾರ ಸಹಭಾಗಿತ್ವದಲ್ಲಿ, ಎಷ್ಟು ಖರ್ಚಿಗೆ, ಎಷ್ಟು ವರಮಾನಕ್ಕೆ ಎಂಬ ಒಂಬತ್ತು ಘಟಕಗಳು ಅದರಲ್ಲಿವೆ. ಇಂದು ಮ್ಯಾನೇಜ್‌ಮೆಂಟ್ ಕಾಲೇಜುಗಳ ಗೋಡೆಗಳ ಮೇಲೆ ಕಾಣುವ ಒಂಬತ್ತು ಚೌಕದ ‘ಕ್ಯಾನ್ವಾಸ್’ ಅದರ ಸರಳ ರೂಪ. ವಿದ್ಯಾರ್ಥಿಗಳು ಬಣ್ಣಬಣ್ಣದ ಚೀಟಿಗಳನ್ನು ಅದಕ್ಕೆ ಅಂಟಿಸಿ ಚರ್ಚಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯೋಚನೆಗೆ ಚಾಲನೆ ಕೊಡಲು ಅದು ಒಳ್ಳೆಯ ಸಾಧನ. ಆದರೆ ಮೂಲ ಪ್ರಬಂಧದಲ್ಲಿ ಪ್ರತಿ ಘಟಕಕ್ಕೂ ಅದರ ಗುಣಗಳು, ಉಳಿದ ಘಟಕಗಳೊಂದಿಗೆ ಅದರ ನಂಟು, ಆ ನಂಟಿನ ನಿಯಮ ಎಲ್ಲವನ್ನೂ ಗೊತ್ತುಪಡಿಸಲಾಗಿತ್ತು. ಒಂದು ಮಾದರಿಯನ್ನು ಕಂಪ್ಯೂಟರ್ ಓದಬಲ್ಲ ಭಾಷೆಯಲ್ಲಿ ಬರೆದಿಡುವ ಕ್ರಮವೂ ಇತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ಆ ಬಿಗಿ ಉಳಿದಿಲ್ಲ. ಒಂದೇ ಚೌಕದಲ್ಲಿ ಒಬ್ಬ ವಿದ್ಯಾರ್ಥಿ ‘ಚಾಲಕರು’ ಎಂದು ಬರೆಯುತ್ತಾನೆ, ಇನ್ನೊಬ್ಬ ‘ಚಾಲಕರ ವಿಶ್ವಾಸ’ ಎಂದು ಬರೆಯುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಕೆಯಾಗುವುದಿಲ್ಲ.

ಇನ್ನೊಂದು ಕೊರತೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಯಾವುದೇ ಚೌಕಟ್ಟಿನಲ್ಲಿ ಯಾವುದಕ್ಕೆ ಜಾಗವಿಲ್ಲವೋ ಅದು ನೋಡುವವರ ಕಣ್ಣಿನಿಂದಲೇ ಮರೆಯಾಗುತ್ತದೆ. ನಮ್ಮ ಹಾಲಿನ ಸಂಘಗಳನ್ನು ಆ ಒಂಬತ್ತು ಚೌಕಗಳಲ್ಲಿ ತುಂಬಲು ಯತ್ನಿಸಿ ನೋಡಿ. ಹಳ್ಳಿಯಲ್ಲಿ ಸಂಘ, ಜಿಲ್ಲಾ ಮಟ್ಟದಲ್ಲಿ ಒಕ್ಕೂಟ, ರಾಜ್ಯಕ್ಕೆ ಕರ್ನಾಟಕ ಹಾಲು ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆ ನಮ್ಮದು. ಬೆಳಿಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಣ್ಣುಮಗಳು ಹಾಲು ಅಳೆಸಿ, ಫ್ಯಾಟು ನೋಡಿಸಿ, ಪಾಸ್‌ಪುಸ್ತಕದಲ್ಲಿ ಬರೆಸಿಕೊಂಡು ಹೋಗುತ್ತಾಳೆ. ಆ ಗಳಿಗೆಯಲ್ಲಿ ಆಕೆ ಹಾಲಿನ ಮಾರಾಟಗಾರ್ತಿ. ವಾರ್ಷಿಕ ಮಹಾಸಭೆಯಲ್ಲಿ ಆಕೆಯೇ ಮತ ಹಾಕುವ ಸದಸ್ಯೆ, ಬೋನಸ್ ಪಡೆಯುವ ಪಾಲುದಾರಳು, ಸಂಘದಿಂದ ಪಶು ಆಹಾರ ಕೊಳ್ಳುವಾಗ ಗಿರಾಕಿ. ಒಬ್ಬಳೇ ವ್ಯಕ್ತಿ, ನಾಲ್ಕು ಪಾತ್ರ. ಒಂಬತ್ತು ಚೌಕದ ಚಿತ್ರದಲ್ಲಿ ಆಕೆಗೆ ಸಿಗುವುದು ‘ಸಹಭಾಗಿಗಳು’ ಎಂಬ ಮೂಲೆಯಲ್ಲೊಂದು ಚೀಟಿ ಮಾತ್ರ. ಒಡೆತನ ಯಾರದು, ತೀರ್ಮಾನ ಯಾರದು, ಉಳಿಕೆ ಹಣ ಯಾರಿಗೆ ಸೇರುತ್ತದೆ ಎಂಬುದಕ್ಕೆ ಅಲ್ಲಿ ಚೌಕವೇ ಇಲ್ಲ. ಹಾಗೆ ತುಂಬಿದ ಚಿತ್ರದಲ್ಲಿ ಸಹಕಾರ ಸಂಘಕ್ಕೂ, ರೈತರಿಂದ ಹಾಲು ಕೊಳ್ಳುವ ಖಾಸಗಿ ಡೇರಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಸಹಕಾರ ತತ್ವದ ಮೇಲೆ ಇಷ್ಟು ದೊಡ್ಡ ವ್ಯವಸ್ಥೆಯನ್ನು ಕಟ್ಟಿದ ನಾಡಿನ ವಿದ್ಯಾರ್ಥಿಗಳಿಗೆ ಆ ವ್ಯತ್ಯಾಸ ಕಾಣದಂತೆ ಪಾಠ ಹೇಳುವುದು ನನಗೆ ನೋವಿನ ಸಂಗತಿ.

ಆಟೊ ಆ್ಯಪ್‌ಗಳ ವಿಷಯಕ್ಕೆ ಇವೆಲ್ಲಕ್ಕಿಂತ ಹೊಂದುವುದು ಆಮ್‌ಸ್ಟರ್‌ಡ್ಯಾಮ್‌ನ ವ್ರಿಯ ವಿಶ್ವವಿದ್ಯಾಲಯದ ಯಾಪ್ ಹೋರ್ಡೈನ್ ಮತ್ತು ಅವರ ಸಹೋದ್ಯೋಗಿಗಳು ಈ ಶತಮಾನದ ಆರಂಭದಲ್ಲಿ ರೂಪಿಸಿದ ಇ3–ವ್ಯಾಲ್ಯೂ ಎಂಬ ಆಂಟಾಲಜಿ. ಇದು ಒಂದೇ ಸಂಸ್ಥೆಯ ಒಳಗನ್ನು ನೋಡುತ್ತ ಕೂರುವುದಿಲ್ಲ. ವ್ಯವಹಾರದಲ್ಲಿ ಸೇರಿದ ಎಲ್ಲರನ್ನೂ ಹಾಳೆಯ ಮೇಲಿಟ್ಟು, ಅವರ ನಡುವೆ ಕೈ ಬದಲಾಯಿಸುವ ಬೆಲೆಯುಳ್ಳ ವಸ್ತುಗಳಿಗೆ ಬಾಣದ ಗೆರೆ ಎಳೆಯುತ್ತದೆ. ಕೊಟ್ಟವನಿಗೆ ಪ್ರತಿಯಾಗಿ ಏನೋ ಬರಲೇಬೇಕು, ಹೋಗುವ ಬಾಣಕ್ಕೆ ಬರುವ ಬಾಣ ಜೊತೆಯಾಗದೆ ಚಿತ್ರ ಪೂರ್ತಿಯಾಗುವುದಿಲ್ಲ ಎಂಬುದೇ ಅದರ ಕಟ್ಟುನಿಟ್ಟಿನ ನಿಯಮ. ‘ಉಚಿತ’ ಎಂಬ ಪದ ಈ ಹಾಳೆಯ ಮೇಲೆ ನಿಲ್ಲಲಾರದು. ಪ್ರಯಾಣಿಕನಿಗೆ ಆ್ಯಪ್ ಉಚಿತ ಎಂದು ಬರೆದ ಕೂಡಲೇ, ಹಾಗಾದರೆ ಅವನಿಂದ ಆ್ಯಪ್‌ಗೆ ಹೋಗುವ ಬಾಣ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಪ್ರಯಾಣದ ಮಾಹಿತಿ ಇರಬಹುದು, ಜಾಹೀರಾತು ನೋಡುವ ಕಣ್ಣು ಇರಬಹುದು, ಹೂಡಿಕೆದಾರರು ತುಂಬಿಕೊಡುವ ನಷ್ಟ ಇರಬಹುದು. ಯಾವುದೋ ಒಂದನ್ನು ಬರೆಯಲೇಬೇಕು.

ಚಾಲಕ ಮಿತ್ರರ ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಾವಿಬ್ಬರೂ ಸೇರಿ ಅಂಥ ಎರಡು ಚಿತ್ರ ಬರೆದೆವು. ಕಮಿಷನ್ ಪದ್ಧತಿಯ ಚಿತ್ರದಲ್ಲಿ ಪ್ರಯಾಣಿಕನ ಹಣ ಆ್ಯಪ್‌ನ ಲೆಕ್ಕಕ್ಕೆ ಬಂದು, ಅಲ್ಲಿಂದ ಕಡಿತವಾಗಿ ಚಾಲಕನಿಗೆ ಹೋಯಿತು. ಚಂದಾ ಪದ್ಧತಿಯ ಚಿತ್ರದಲ್ಲಿ ಪ್ರಯಾಣಿಕ ಮತ್ತು ಚಾಲಕನ ನಡುವೆ ಒಂದು ಜೋಡಿ ಬಾಣ: ಅತ್ತಿಂದ ಬಾಡಿಗೆ, ಇತ್ತಿಂದ ಪ್ರಯಾಣ. ಚಾಲಕ ಮತ್ತು ಆ್ಯಪ್ ನಡುವೆ ಪ್ರತ್ಯೇಕವಾಗಿ ಇನ್ನೊಂದು ಜೋಡಿ: ಚಂದಾ ಮತ್ತು ಗಿರಾಕಿಯ ಕರೆ. ಒಂದು ಜೋಡಿಯ ಹಣಕ್ಕೂ ಇನ್ನೊಂದು ಜೋಡಿಯ ಹಣಕ್ಕೂ ನಂಟಿಲ್ಲ. ಅವರು ಅದನ್ನು ನೋಡುತ್ತ, ಬಾಡಿಗೆ ರದ್ದಾದಾಗ ಯಾರಿಗೆ ಏನು ಹೋಗುತ್ತದೆ ಎಂಬ ಬಾಣವನ್ನು ನಾನು ಬಿಟ್ಟಿದ್ದೇನೆಂದು ತೋರಿಸಿಕೊಟ್ಟರು. ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಇದೆಲ್ಲ ಪಂಡಿತರ ಕಸರತ್ತೆಂದು ಯಾರಾದರೂ ಭಾವಿಸಿದರೆ, ಅವರು ತೆರಿಗೆಯ ವಿಷಯವನ್ನು ನೋಡಬೇಕು. ರಸ್ತೆಯಲ್ಲಿ ಕೈ ತೋರಿಸಿ ಹತ್ತಿದ ಆಟೊಗೆ ಜಿಎಸ್‌ಟಿ ಇಲ್ಲ. ಇ–ಕಾಮರ್ಸ್ ವೇದಿಕೆಯ (ಇಂಥ ಆ್ಯಪ್‌ನ) ಮೂಲಕ ಕರೆಸಿದ ಆಟೊಗೆ 2022ರ ಜನವರಿ 1ರಿಂದ ಇದೆ, ಅದನ್ನು ಕಟ್ಟಬೇಕಾದ್ದು ವೇದಿಕೆ. ಹಾಗಾದರೆ ಬಾಡಿಗೆಯ ಹಣವನ್ನು ಮುಟ್ಟದೆ ಚಂದಾ ಮಾತ್ರ ಪಡೆಯುವ ಆ್ಯಪ್ ಕಟ್ಟಬೇಕೆ? ಜಿಎಸ್‌ಟಿ ಸಂದೇಹಗಳಿಗೆ ಮುಂಚಿತವಾಗಿ ತೀರ್ಪು ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2023ರಲ್ಲಿ ‘ನಮ್ಮ ಯಾತ್ರಿ’ ಎಂಬ ಆಟೊ ಆ್ಯಪ್‌ನ ವಿಷಯದಲ್ಲಿ ಬೇಕಿಲ್ಲ ಎಂದಿತು. 2024ರ ನವೆಂಬರ್‌ನಲ್ಲಿ ಊಬರ್‌ನ ಚಂದಾ ಮಾದರಿಯ ವಿಷಯದಲ್ಲಿ ಬೇಕು ಎಂದಿತು. ಯಾವ ತೀರ್ಪು ಸರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ವಿವಾದದ ಗಂಟು ಇರುವುದು ‘ಮೂಲಕ’ ಎಂಬ ಒಂದು ಪದದಲ್ಲಿ. ಗಿರಾಕಿಯನ್ನು ಚಾಲಕನಿಗೆ ಪರಿಚಯಿಸಿ ಸುಮ್ಮನಾದರೆ ಅದು ‘ಮೂಲಕ’ವೇ? ದರ ಹೇಳಿದರೆ? ದಾರಿ ತೋರಿಸಿದರೆ? ದೂರು ಬಂದಾಗ ಚಾಲಕನನ್ನು ಪಟ್ಟಿಯಿಂದ ತೆಗೆದರೆ? ಈ ಒಂದೊಂದೂ ಹಾಳೆಯ ಮೇಲೆ ಬೇರೆ ಬೇರೆ ಬಾಣ. ಎರಡು ಆ್ಯಪ್‌ಗಳ ಬಾಣಗಳನ್ನು ಒಂದೇ ಪದಗಳಲ್ಲಿ ಬರೆದಿಟ್ಟರೆ, ಎರಡು ತೀರ್ಪುಗಳು ಬೇರೆಯಾದದ್ದು ಮಾದರಿಗಳು ಬೇರೆಯಾದ್ದರಿಂದಲೋ ಅಥವಾ ಒಂದೇ ಮಾದರಿಯನ್ನು ಎರಡು ಬಗೆಯಾಗಿ ವಿವರಿಸಿದ್ದರಿಂದಲೋ ಎಂಬುದು ಸಾಮಾನ್ಯ ಓದುಗನಿಗೂ ತಿಳಿಯುತ್ತದೆ. ಈಗ ಅದು ವಕೀಲರಿಗೆ ಮಾತ್ರ ತಿಳಿಯುತ್ತಿದೆ.

2022ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆಟೊ ಆ್ಯಪ್‌ಗಳ ಸೇವಾ ಶುಲ್ಕಕ್ಕೆ ಶೇ 5ರ ಮಿತಿ ಹಾಕಿತು. ಪ್ರತಿ ಬಾಡಿಗೆಯ ಶೇಕಡಾವಾರು ಲೆಕ್ಕದ ಆ ಮಿತಿ, ಚಾಲಕನಿಂದ ದಿನಕ್ಕಿಷ್ಟು ಎಂದು ಪಡೆಯುವ ಹಣಕ್ಕೆ ತಾಗುವುದೇ ಇಲ್ಲ, ಏಕೆಂದರೆ ಅದು ಬೇರೆಯದೇ ಬಾಣ. ಇದಕ್ಕಿಂತ ಮುಖ್ಯವಾದದ್ದು ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ ತಂದ 2025ರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಪಾವತಿಯಾಗುವ ಮೊತ್ತದ ಶೇ 1ರಿಂದ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಗಳಿಂದ ಪಡೆಯಲು ಅದು ಅವಕಾಶ ಕೊಡುತ್ತದೆ. ಊಟ ತಲುಪಿಸುವ ಹುಡುಗನಿಗೆ ವೇದಿಕೆಯೇ ಹಣ ಕೊಡುತ್ತದೆ, ಅಲ್ಲಿ ಲೆಕ್ಕ ಸುಲಭ. ಚಂದಾ ಮಾದರಿಯಲ್ಲಿ ಪ್ರಯಾಣಿಕ ಯುಪಿಐನಲ್ಲೋ ನಗದಾಗಿಯೋ ನೇರವಾಗಿ ಚಾಲಕನಿಗೆ ಕೊಡುತ್ತಾನೆ. ವೇದಿಕೆಯಿಂದ ಚಾಲಕನ ಕಡೆಗೆ ಹಣದ ಬಾಣವೇ ಇಲ್ಲ. ಹಾಗಿರುವಾಗ ಶೇಕಡಾ ಒಂದನ್ನು ಯಾವುದರ ಮೇಲೆ ಲೆಕ್ಕ ಹಾಕಬೇಕು? ಮಳೆ ಬಿಸಿಲೆನ್ನದೆ ದುಡಿಯುವ ಸಾವಿರಾರು ಕುಟುಂಬಗಳ ಅಪಘಾತ ಪರಿಹಾರ, ಆರೋಗ್ಯದ ನೆರವು ಇಂಥ ಒಂದು ಪದದ ವ್ಯಾಖ್ಯೆಯ ಮೇಲೆ ನಿಂತಿದೆ ಎಂಬುದನ್ನು ತಿಳಿದೂ ನಾವು ‘ಶೂನ್ಯ ಕಮಿಷನ್’ ಎಂಬ ಮಾತಿಗೆ ತೃಪ್ತರಾಗಬಾರದು.

ಕಮಿಷನ್ ಎಂಬ ಪದವೇ ನಮ್ಮಲ್ಲಿ ಎಷ್ಟು ಅರ್ಥಗಳನ್ನು ಹೊತ್ತಿದೆ ನೋಡಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಾಗಲಿ, ಶಿವಮೊಗ್ಗದ ಅಡಿಕೆ ಮಂಡಿಯಲ್ಲಾಗಲಿ ಕಮಿಷನ್ ಏಜೆಂಟರು ಮಾಲನ್ನು ಖರೀದಿದಾರನಿಗೆ ತೋರಿಸುವುದಷ್ಟನ್ನೇ ಮಾಡುವುದಿಲ್ಲ. ಮಾಲು ಇಳಿಸಿಕೊಳ್ಳಲು ಜಾಗ ಕೊಡುತ್ತಾರೆ, ತೂಕ ಮಾಡಿಸುತ್ತಾರೆ, ಖರೀದಿದಾರ ತಡಮಾಡಿದರೂ ರೈತನಿಗೆ ಹಣ ಕೊಟ್ಟು ಕಳಿಸುತ್ತಾರೆ, ಮಗಳ ಮದುವೆಗೋ ಬಿತ್ತನೆಗೋ ಮುಂಗಡವನ್ನೂ ಕೊಡುತ್ತಾರೆ. ಆ ಮುಂಗಡದ ಋಣ ಮುಂದಿನ ವರ್ಷದ ಮಾಲನ್ನೂ ಅದೇ ಮಂಡಿಗೆ ಎಳೆದು ತರುತ್ತದೆ. ಆ ಕಮಿಷನ್ನಿನಲ್ಲಿ ಗೋದಾಮಿನ ಬಾಡಿಗೆ, ಸಾಲದ ಬಡ್ಡಿ, ಬಾಕಿ ಮುಳುಗುವ ಭಯದ ಬೆಲೆ ಎಲ್ಲವೂ ಸೇರಿರುತ್ತದೆ. ಮಾರುಕಟ್ಟೆಗಳು ಆನ್‌ಲೈನ್ ಆಗಿ, ದಲ್ಲಾಳಿಗಳನ್ನು ಬಿಟ್ಟು ನೇರ ವ್ಯಾಪಾರ ಎಂಬ ಮಾತು ಬಂದಾಗಲೆಲ್ಲ ಉಳಿತಾಯವಾಗುವ ಕಮಿಷನ್ನಿನ ಲೆಕ್ಕವನ್ನು ಮಾತ್ರ ಹೇಳುತ್ತಾರೆ. ಆ ಇತರ ಬಾಣಗಳನ್ನು ಇನ್ನು ಮೇಲೆ ಯಾರು ಎಳೆಯುತ್ತಾರೆ ಎಂದು ಕೇಳುವುದಿಲ್ಲ. ಮಂಡಿಯ ಶೋಷಣೆಯನ್ನು ನಾನು ಸಮರ್ಥಿಸುತ್ತಿಲ್ಲ. ಆ ಋಣದ ಬಾಣವನ್ನು ಬಿಡಿಸಿ ಬರೆದಾಗಲೇ ಶೋಷಣೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯ.

ಒಪ್ಪಿತ ಪದಗಳು ನಮಗೆ ಅಸಾಧ್ಯವೇನಲ್ಲ. 2021ರ ಕೊನೆಯಲ್ಲಿ ಸ್ಥಾಪನೆಯಾದ ಒಎನ್‌ಡಿಸಿ ಎಂಬ ಡಿಜಿಟಲ್ ವ್ಯಾಪಾರದ ಮುಕ್ತ ಜಾಲ ನಿಂತಿರುವುದು ಬೆಕ್ನ್ ಎಂಬ ಮುಕ್ತ ಪ್ರೋಟೊಕಾಲ್‌ನ, ಎಂದರೆ ಕಂಪ್ಯೂಟರ್‌ಗಳು ಪರಸ್ಪರ ಮಾತಾಡಿಕೊಳ್ಳುವ ನಿಯಮಗಳ, ಮೇಲೆ. ಹುಡುಕುವುದು, ಆಯ್ಕೆ, ಖಚಿತಪಡಿಸುವುದು, ರದ್ದು ಮಾಡುವುದು ಎಂಬ ಪ್ರತಿ ಹೆಜ್ಜೆಗೂ ಅಲ್ಲಿ ಒಂದೇ ಹೆಸರು, ಒಂದೇ ರೂಪ ಇರುವುದರಿಂದಲೇ ಒಂದು ಆ್ಯಪ್‌ನ ಗಿರಾಕಿಯನ್ನು ಇನ್ನೊಂದು ಆ್ಯಪ್‌ನ ಅಂಗಡಿಗೆ ಜೋಡಿಸಲು ಆಗುತ್ತದೆ. ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಪದಗಳನ್ನು ಗೊತ್ತುಮಾಡಿದವರು, ವ್ಯವಹಾರದ ಲಾಭ, ಹೊಣೆ, ನಷ್ಟಗಳ ಬಗ್ಗೆ ಜನರು ಮಾತಾಡಿಕೊಳ್ಳಲೂ ಪದಗಳನ್ನು ಗೊತ್ತುಮಾಡಬಹುದು.

ಆದ್ದರಿಂದ ತಮ್ಮಲ್ಲಿ ಮತ್ತು ತಮ್ಮ ಮೂಲಕ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇದು. ಪತ್ರಿಕೆ ಮುಂದೆ ಇಂಥ ಹೋಲಿಕೆ ಪ್ರಕಟಿಸುವಾಗ ‘ಕಮಿಷನ್’ ಎಂಬ ಒಂದು ಕಾಲಂನ ಬದಲು ಹಣ ಯಾರಿಂದ ಯಾರಿಗೆ ಹೋಗುತ್ತದೆ, ಯಾವ ಆಧಾರದ ಮೇಲೆ, ಬಾಡಿಗೆ ಸಿಗದ ದಿನ ನಷ್ಟ ಯಾರದು, ದರ ಗೊತ್ತುಮಾಡುವವರು ಯಾರು, ಪಟ್ಟಿಯಿಂದ ತೆಗೆಯುವ ಅಧಿಕಾರ ಯಾರದು ಎಂಬ ಐದು ಕಾಲಂಗಳನ್ನು ಇಡಲಿ. ಗಿಗ್ ಕಾರ್ಮಿಕರ ಕಾಯ್ದೆಯಡಿ ನೋಂದಣಿಯಾಗುವ ಪ್ರತಿ ವೇದಿಕೆಯೂ ತನ್ನ ವ್ಯವಹಾರದ ಬಾಣಗಳ ಚಿತ್ರವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ, ಗೊತ್ತುಪಡಿಸಿದ ಪದಗಳಲ್ಲಿ ಕೊಡಬೇಕೆಂದೂ, ಮಾದರಿ ಬದಲಾದ ದಿನವೇ ಅದನ್ನು ತಿದ್ದಬೇಕೆಂದೂ ಕಾರ್ಮಿಕ ಇಲಾಖೆ ನಿಯಮ ಮಾಡಲಿ. ಆ ಪದಗಳ ಪಟ್ಟಿ ಸಿದ್ಧಪಡಿಸುವ ಸಮಿತಿಯಲ್ಲಿ ವಾಣಿಜ್ಯ ಮತ್ತು ಕಂಪ್ಯೂಟರ್ ವಿಭಾಗಗಳ ಅಧ್ಯಾಪಕರ ಜೊತೆಗೆ ಆಟೊ ಚಾಲಕರು, ಹಾಲಿನ ಸಂಘದ ಕಾರ್ಯದರ್ಶಿಗಳು, ಮಂಡಿಯ ಗುಮಾಸ್ತರು ಕೂಡ ಇರಬೇಕು. ರದ್ದಾದ ಬಾಡಿಗೆಯ ಬಾಣ ನನಗೆ ಕಾಣದೆ ಚಾಲಕರಿಗೆ ಕಂಡಿತೆಂಬುದನ್ನು ಮೇಲೆ ಹೇಳಿದ್ದೇನೆ. ಒಂಬತ್ತು ಚೌಕದ ಕ್ಯಾನ್ವಾಸನ್ನು ಕಲಿಸುವ ನಮ್ಮ ಕಾಲೇಜುಗಳು ಅದಕ್ಕೆ ‘ಒಡೆತನ’ ಎಂಬ ಹತ್ತನೆಯ ಚೌಕವನ್ನು ಸೇರಿಸಿಕೊಳ್ಳಲು ಯಾವ ಸಮಿತಿಗೂ ಕಾಯಬೇಕಿಲ್ಲ.

ನೋಟ್‌ಬುಕ್ಕಿನ ಆ ಎರಡು ಚಿತ್ರಗಳನ್ನು ಬಿಳಿ ಹಾಳೆಯ ಮೇಲೆ ಶುದ್ಧಪ್ರತಿ ಮಾಡಿ, ಚಾಲಕರು ಸೂಚಿಸಿದ ತಿದ್ದುಪಡಿಯೊಂದಿಗೆ ಈ ಪತ್ರದ ಜೊತೆ ಇಟ್ಟಿದ್ದೇನೆ. ಸ್ಥಳಾವಕಾಶವಿದ್ದು ಪ್ರಕಟಿಸುವುದಾದರೆ ದಯವಿಟ್ಟು ಎರಡನ್ನೂ ಒಂದೇ ಅಳತೆಯಲ್ಲಿ, ಅಕ್ಕಪಕ್ಕದಲ್ಲಿ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕ,
ಬಸವನಗುಡಿ, ಬೆಂಗಳೂರು